ಅಟ್ಟದ ಮೇಲಿನ ಗಾಳದ ಪೆಟ್ಟಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮೀನು ಹಿಡಿಯುವ ಹಳೆಯ ಲ್ಯೂರ್‌ಗಳನ್ನು ಗುರುತಿಸುವುದು, ಸರಿಪಡಿಸುವುದು ಮತ್ತು ಮಾರುವುದರ ಬಗ್ಗೆ ಬಂದ ಪತ್ರಗಳಲ್ಲಿ ಏಳನ್ನು ಈ ಸಲ ಆಯ್ದುಕೊಂಡಿದ್ದೇನೆ. ಎರೆಹುಳು, ಸೀಗಡಿ, ರಾಗಿಹಿಟ್ಟು ಮುಂತಾದ ನಿಜವಾದ ಎರೆಯ ಬದಲಿಗೆ ಮರ, ಲೋಹ, ಗರಿ ಅಥವಾ ಪ್ಲಾಸ್ಟಿಕ್ಕಿನಿಂದ ಮಾಡಿ, ನೀರಿನಲ್ಲಿ ಎಳೆದಾಗ ಮರಿಮೀನಿನಂತೆ ಹೊಳೆದು ಓಡುವ ಸುಳ್ಳು ಎರೆಗೆ ಲ್ಯೂರ್ ಎಂದು ಹೆಸರು. ಹೊಸ ಓದುಗರಿಗಾಗಿ ಇಷ್ಟು ಹೇಳಿ ಪತ್ರಗಳಿಗೆ ಬರುತ್ತೇನೆ.

ಪ್ರಶ್ನೆ: ಸುಂಟಿಕೊಪ್ಪದ ಬಳಿ ನಮ್ಮ ಮಾವನವರ ಕಾಲದ ತೋಟದ ಮನೆಯಿದೆ. ಮಾಡಿನ ಹಂಚು ಬದಲಾಯಿಸುವಾಗ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ಹಿಡಿಯಿಲ್ಲದ ಚಮಚದಂತಹ ಎಂಟು ಹಿತ್ತಾಳೆ ತುಂಡುಗಳು, ಬೆರಳುದ್ದದ ಮೂರು ಲೋಹದ ಮೀನುಗಳು ಮತ್ತು ಒಣಹುಲ್ಲಿನ ಬಣ್ಣದ ಸುರುಳಿ ಸುತ್ತಿದ ಎಳೆಗಳು ಇವೆ. ಎಲ್ಲಕ್ಕೂ ಕಿಲುಬು ಹಿಡಿದಿದೆ. ಹುಣಸೆಹಣ್ಣು ಹಾಕಿ ತಿಕ್ಕಿ ಗಾಜಿನ ಬೀರುವಿನಲ್ಲಿಡಬೇಕೆಂದಿದ್ದೇನೆ. ಇವು ಯಾವ ಕಾಲದವು?
— ಓದುಗರೊಬ್ಬರು, ಕೊಡಗು

ಉತ್ತರ: ದಯವಿಟ್ಟು ಹುಣಸೆಹಣ್ಣನ್ನು ಇವುಗಳ ಹತ್ತಿರ ತರಬೇಡಿ. ನಿಂಬೆಹುಳಿ, ಪೀತಾಂಬರಿ ಪುಡಿ, ಒಲೆಯ ಬೂದಿ ಯಾವುದೂ ಬೇಡ. ಏಕೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಕೈಯಲ್ಲಿರುವುದೇನೆಂದು ನೋಡೋಣ.

ಹಿಡಿಯಿಲ್ಲದ ಚಮಚದಂತಹವು ಸ್ಪೂನ್‌ಗಳು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೈಟ್‌ಹಾಲ್ ಎಂಬ ಊರಿನ ಜೂಲಿಯೋ ಬುಯೆಲ್ ಎಂಬಾತ ಹುಡುಗನಾಗಿದ್ದಾಗ ಊಟದ ಚಮಚವನ್ನು ಸರೋವರದಲ್ಲಿ ಬೀಳಿಸಿಕೊಂಡನೆಂದೂ, ಅದು ತೂಗಾಡುತ್ತ ಮುಳುಗುವಾಗ ದೊಡ್ಡ ಮೀನೊಂದು ಬಂದು ಅದನ್ನು ಕಚ್ಚಿತೆಂದೂ, ಆತ ಮನೆಗೆ ಹೋಗಿ ಇನ್ನೊಂದು ಚಮಚದ ಹಿಡಿಯನ್ನು ಕತ್ತರಿಸಿ ಅದಕ್ಕೆ ಗಾಳ ಬೆಸೆದನೆಂದೂ ಒಂದು ಕಥೆಯಿದೆ. ಕಥೆ ಹೇಗೇ ಇರಲಿ, ಬುಯೆಲ್ 1852ರಲ್ಲಿ ಪೇಟೆಂಟ್ ಪಡೆದದ್ದು ದಾಖಲೆಯಲ್ಲಿದೆ. ಅಲ್ಲಿಂದ ಮುಂದೆ ಸ್ಪೂನ್ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಅಧಿಕಾರಿಗಳ ಮತ್ತು ತೋಟಗಾರರ ಸಾಮಾನಿನೊಂದಿಗೆ ನಮ್ಮ ನದಿಗಳಿಗೆ ಬಂತು. ನಮ್ಮ ಕರಾವಳಿಗೂ ಈ ಇತಿಹಾಸಕ್ಕೂ ಗಟ್ಟಿಯಾದ ನಂಟಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಅವರು ಭಾರತದಲ್ಲಿ ಗಾಳ ಹಾಕುವುದರ ಬಗ್ಗೆ ಬರೆದ ಪ್ರಸಿದ್ಧ ಗ್ರಂಥ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಕೊಡಗಿನ ತೋಟದ ಮನೆಯ ಅಟ್ಟದಲ್ಲಿ ಇಂತಹ ಪೆಟ್ಟಿಗೆ ಸಿಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ನಿಮ್ಮ ಸ್ಪೂನ್‌ಗಳನ್ನು ಕೈಯಲ್ಲಿ ತೂಗಿ ನೋಡಿ. ಮಹಶೀರ್ ಮೀನಿಗಾಗಿ ಮಾಡಿದ ಸ್ಪೂನಾದರೆ ತಗಡು ದಪ್ಪವಾಗಿದ್ದು, ಗಾಳದ ಕಡ್ಡಿಯೂ ಅದನ್ನು ಹಿಡಿದಿಡುವ ಬಳೆಗಳೂ ಸಾಧಾರಣ ಲ್ಯೂರ್‌ಗಿಂತ ಎದ್ದು ಕಾಣುವಷ್ಟು ದಪ್ಪನಾಗಿರುತ್ತವೆ. ಮಹಶೀರಿಗೆ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಆದರೂ ಅದರ ಬಾಯಿಯ ಹಿಡಿತಕ್ಕೆ ತೆಳ್ಳನೆಯ ಗಾಳಗಳು ಚಪ್ಪಟೆಯಾಗಿಬಿಡುತ್ತಿದ್ದವು. ಟ್ರೌಟ್ ಮೀನಿಗೆಂದು ಇಂಗ್ಲೆಂಡಿನಿಂದ ತಂದ ನಾಜೂಕಾದ ಸಾಮಾನು ಕಾವೇರಿಯಲ್ಲಿ ಕೆಲಸಕ್ಕೆ ಬಾರದೆ, ಭಾರತದ ನದಿಗಳಿಗೆಂದೇ ಗಟ್ಟಿಮುಟ್ಟಾದವನ್ನು ಮಾಡಿಸಬೇಕಾಯಿತು.

ಬೆರಳುದ್ದದ ಲೋಹದ ಮೀನುಗಳ ಕತ್ತಿನ ಹತ್ತಿರ ಎರಡು ರೆಕ್ಕೆಗಳಿದ್ದು, ತಲೆಯಿಂದ ಬಾಲದವರೆಗೆ ತಂತಿ ಹಾದುಹೋಗುವ ರಂಧ್ರವಿದ್ದರೆ ಅವು ಡೆವನ್ ಮಿನೋ ಎಂಬ ಜಾತಿಯವು. ನೀರಿನಲ್ಲಿ ಎಳೆದಾಗ ಬುಗುರಿಯಂತೆ ಗಿರಗಿರನೆ ತಿರುಗುವುದೇ ಅವುಗಳ ಗುಣ. ರೆಕ್ಕೆಯ ಮೇಲೆ, ಸ್ಪೂನಿನ ಒಳಬದಿಯಲ್ಲಿ, ಸ್ವಿವೆಲ್ ಎನ್ನುವ ತಿರುಗುವ ಕೊಂಡಿಯ ಪಕ್ಕದಲ್ಲಿ ಭೂತಗನ್ನಡಿ ಹಿಡಿದು ಹುಡುಕಿ. ಆಲ್ನಿಕ್ ಪಟ್ಟಣದ ಹಾರ್ಡಿ ಬ್ರದರ್ಸ್, ರೆಡಿಚ್ ಪಟ್ಟಣದ ಆಲ್ಕಾಕ್, ಲಂಡನ್ನಿನ ಫಾರ್ಲೋ ಮುಂತಾದ ಹೆಸರುಗಳು ಅಕ್ಕಿಕಾಳಿಗಿಂತ ಚಿಕ್ಕ ಅಕ್ಷರದಲ್ಲಿ ಒತ್ತಿರಬಹುದು. ರೆಡಿಚ್ ಮೊದಲು ಸೂಜಿ ಮಾಡುವ ಊರಾಗಿತ್ತು. ಸೂಜಿಯ ತಂತಿಯನ್ನು ಬಗ್ಗಿಸಿ ಗಾಳ ಮಾಡುವುದು ಅಲ್ಲಿನ ಕುಶಲಿಗಳಿಗೆ ಸಹಜವಾಗಿ ಬಂದ ಮುಂದಿನ ಹೆಜ್ಜೆ.

ಕಾಲವನ್ನು ಹೇಳುವ ವಸ್ತು ನಿಮ್ಮ ಪೆಟ್ಟಿಗೆಯಲ್ಲಿ ಇನ್ನೊಂದಿದೆ: ಆ ಒಣಹುಲ್ಲಿನಂತಹ ಎಳೆಗಳು. ರಾಮನಗರ, ಚನ್ನಪಟ್ಟಣಗಳ ರೇಷ್ಮೆ ಬಲ್ಲ ನಮ್ಮ ಓದುಗರಿಗೆ ಇದು ವಿಶೇಷವಾಗಿ ರುಚಿಸೀತು. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ವಿನಿಗರಿನಲ್ಲಿ ನೆನೆಹಾಕಿ, ಅದರ ರೇಷ್ಮೆಗ್ರಂಥಿಯನ್ನು ಹೊರತೆಗೆದು ಎರಡೂ ಕಡೆ ಹಿಡಿದು ಎಳೆದರೆ ಒಂದೇ ದಪ್ಪನೆಯ ಎಳೆ ಬರುತ್ತದೆ. ಸ್ಪೇನ್ ದೇಶದ ಮುರ್ಸಿಯಾ ಪ್ರಾಂತ ಈ ಕಸುಬಿಗೆ ಹೆಸರಾಗಿತ್ತು. ನೈಲಾನ್ ದಾರ ಬರುವ ಮೊದಲು, ಅಂದರೆ 1930ರ ದಶಕದ ಕೊನೆಯವರೆಗೆ, ಗಾಳದ ತುದಿಗೆ ಕಟ್ಟುತ್ತಿದ್ದದ್ದು ಇದನ್ನೇ. ಒಣಗಿದಾಗ ಇದು ಗಾಜಿನಂತೆ ಮುರಿಯುತ್ತದೆ, ಆದ್ದರಿಂದ ಸುರುಳಿಯನ್ನು ಬಿಡಿಸಲು ಹೋಗಬೇಡಿ. ಗಾಳದ ಮೇಲ್ತುದಿಯಲ್ಲಿ ದಾರ ಪೋಣಿಸುವ ಕಣ್ಣಿಲ್ಲದೆ, ಬರಿಯ ಕಡ್ಡಿಗೆ ಈ ಎಳೆಯನ್ನಿಟ್ಟು ರೇಷ್ಮೆದಾರದಿಂದ ಬಿಗಿಯಾಗಿ ಸುತ್ತಿದ್ದರೆ ಅದು ಇನ್ನೂ ಹಳೆಯ ಪದ್ಧತಿ.

ಈಗ ಹುಣಸೆಹಣ್ಣಿನ ವಿಷಯ. ನಾನು ಸಂಗ್ರಹ ಶುರುಮಾಡಿದ ಹೊಸದರಲ್ಲಿ ಮೈಸೂರಿನ ಗುಜರಿ ಅಂಗಡಿಯೊಂದರಲ್ಲಿ, ಮುರಿದ ನಲ್ಲಿ, ಬಾಗಿಲ ಚಿಲಕಗಳ ರಾಶಿಯಲ್ಲಿ, ತೂಕದ ಬೆಲೆಗೆ ಒಂದು ಸ್ಪೂನ್ ಕೊಂಡಿದ್ದೆ. ಹಬ್ಬಕ್ಕೆ ದೀಪದ ಕಂಬ ತಿಕ್ಕುವಂತೆ ಅದನ್ನು ಹುಣಸೆಹುಳಿಯಲ್ಲಿ ತಿಕ್ಕಿ ತೊಳೆದೆ. ಚಿನ್ನದಂತೆ ಹೊಳೆಯಿತು. ಅದರ ಒಳಬದಿಯಲ್ಲಿ ಬೆಳ್ಳಿಯ ತೆಳುಲೇಪ ಇತ್ತೆಂಬುದೂ, ಅಂಚಿನಲ್ಲಿ ತಯಾರಕರ ಹೆಸರಿನ ಮೂರು ನಾಲ್ಕು ಅಕ್ಷರಗಳು ಉಳಿದಿದ್ದವೆಂಬುದೂ, ತೊಳೆಯುವ ಮೊದಲು ತೆಗೆದಿದ್ದ ಫೋಟೋವನ್ನು ಹಿರಿಯ ಸಂಗ್ರಾಹಕರೊಬ್ಬರಿಗೆ ತೋರಿಸಿದಾಗಲೇ ನನಗೆ ತಿಳಿದದ್ದು. ಫೋಟೋದಲ್ಲಿದ್ದ ಅಕ್ಷರಗಳು ವಸ್ತುವಿನ ಮೇಲೆ ಇರಲಿಲ್ಲ. ಆ ನೋವು ನನಗೆ ಇವತ್ತಿಗೂ ಇದೆ.

ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟೇ. ಪೆಟ್ಟಿಗೆಯಲ್ಲಿ ಯಾವುದು ಎಲ್ಲಿತ್ತೋ ಹಾಗೆಯೇ ಫೋಟೋ ತೆಗೆಯಿರಿ. ಗಾಳದ ಮೊನೆಗಳಿಗೆ ಬೆಂಡಿನ ಚೂರು ಚುಚ್ಚಿ. ಮೃದುವಾದ ಬ್ರಷ್‌ನಿಂದ ಧೂಳು ತೆಗೆದು, ಹತ್ತಿಯನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ಹಿಂಡಿ ಒಮ್ಮೆ ಒರೆಸಿ ಕೂಡಲೇ ಒಣಗಿಸಿ. ಹಿತ್ತಾಳೆಯ ಮೇಲಿನ ಕಂದು ಬಣ್ಣದ ನುಣುಪು ಪದರ ಲೋಹವನ್ನು ಕಾಪಾಡುತ್ತದೆ, ಅದನ್ನು ಮುಟ್ಟಬೇಡಿ. ಮುಟ್ಟಿದರೆ ಪುಡಿಯಾಗಿ ಉದುರುವ ತಿಳಿಹಸಿರು ಕಿಲುಬು ಮಾತ್ರ ಲೋಹವನ್ನು ತಿನ್ನುತ್ತಿರುತ್ತದೆ. ಅದನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಕೊಡಗಿನ ಮಳೆಗಾಲದಲ್ಲಿ ಗಾಜಿನ ಬೀರುವಿನೊಳಗೂ ತೇವ ಇರುತ್ತದೆ, ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಆಗಾಗ ಬದಲಾಯಿಸಿ. ಪೆಟ್ಟಿಗೆಯಲ್ಲಿ ಸೀಸದ ಗುಂಡುಗಳಿದ್ದರೆ ಮಕ್ಕಳ ಕೈಗೆ ಕೊಡಬೇಡಿ, ನೀವೂ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆದುಕೊಳ್ಳಿ. ಆ ತಗಡಿನ ಪೆಟ್ಟಿಗೆಯನ್ನು ಎಸೆಯಬೇಡಿ, ಅದೂ ಸಂಗ್ರಹದ ಭಾಗವೇ.

ಪ್ರಶ್ನೆ: ನಮ್ಮ ತಾತ ಕಾವೇರಿಯಲ್ಲಿ ಹರಿಗೋಲು ಹಾಕುತ್ತಿದ್ದರು. ದೊರೆಗಳು ಗಾಳಕ್ಕೆ ಬಂದಾಗ ಅವರ ಜೊತೆ ಹೋಗುತ್ತಿದ್ದರೆಂದು ನಮ್ಮ ತಂದೆ ಹೇಳುತ್ತಾರೆ. ಒಬ್ಬ ದೊರೆ ಹೋಗುವಾಗ ಕೊಟ್ಟ ಹಿತ್ತಾಳೆ ಸ್ಪೂನ್ ಒಂದು ಮನೆಯಲ್ಲಿದೆ. ಅದರ ಮೇಲೆ ಯಾವ ಹೆಸರೂ ಇಲ್ಲ, ಅಲ್ಲಲ್ಲಿ ತಗ್ಗು ಬಿದ್ದಿದೆ. ಇದಕ್ಕೆ ಬೆಲೆಯಿದೆಯೇ?
— ಓದುಗರೊಬ್ಬರು, ಕೊಳ್ಳೇಗಾಲ

ಉತ್ತರ: ನಿಮ್ಮ ತಂದೆಯವರು ಹೇಳುವ ಮಾತನ್ನು ಈ ವಾರವೇ ಬರೆದಿಟ್ಟುಕೊಳ್ಳಿ. ಯಾವ ಊರಿನ ಬಳಿ, ಯಾವ ಮಡುವಿನಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಕೂಲಿಗೆ, ಏನು ಊಟ ಕಟ್ಟಿಕೊಂಡು ಹೋಗುತ್ತಿದ್ದರು ಎಂಬುದನ್ನೆಲ್ಲ ಅವರ ಬಾಯಿಮಾತಿನಲ್ಲೇ ಮೊಬೈಲಿನಲ್ಲಿ ದಾಖಲಿಸಿ. ಲ್ಯೂರ್ ಸಂಗ್ರಾಹಕರ ಲೋಕದಲ್ಲಿ ವಸ್ತುವಿನ ಜೊತೆ ಅದು ಬಂದ ದಾರಿಗೂ ಬೆಲೆಯಿದೆ, ಮತ್ತು ನನ್ನ ದೃಷ್ಟಿಯಲ್ಲಿ ನಿಮ್ಮ ಮನೆಯ ಸ್ಪೂನಿಗಿಂತ ಆ ಮಾತೇ ಅಪರೂಪದ್ದು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರನ್ನು ಇಂದಿಗೂ ಗಾಳದವರು ನೆನೆಯುತ್ತಾರೆ. ಅಂತಹ ದಾಖಲೆಗಳಲ್ಲಿ ಗಾಳ ಹಿಡಿದವರ ಹೆಸರಿದೆ. ಸುಳಿಯ ನಡುವೆ ಹರಿಗೋಲನ್ನು ನಿಲ್ಲಿಸಿಕೊಂಡು, ಮೀನು ಎಳೆದತ್ತ ಹುಟ್ಟು ಹಾಕಿದವರ ಹೆಸರು ಬರೆದಿಟ್ಟವರು ಬಹಳ ಕಡಿಮೆ.

ಸ್ಪೂನಿನ ಮೇಲೆ ಹೆಸರಿಲ್ಲದಿದ್ದರೆ ಅದರ ಅಂಚನ್ನು ನೋಡಿ. ಯಂತ್ರದ ಅಚ್ಚಿನಲ್ಲಿ ಕತ್ತರಿಸಿದ ಅಂಚು ಸುತ್ತಲೂ ಒಂದೇ ಸಮನಾಗಿರುತ್ತದೆ. ಕೈಯಲ್ಲಿ ಮಾಡಿದ್ದರಲ್ಲಿ ಅರದ ಗೀರುಗಳೂ, ಉಬ್ಬಿದ ಬದಿಯಲ್ಲಿ ಸುತ್ತಿಗೆಯ ಚಿಕ್ಕ ಚಿಕ್ಕ ಪೆಟ್ಟುಗಳೂ ಕಾಣುತ್ತವೆ. ತಗ್ಗುಗಳನ್ನು ಸರಿಪಡಿಸಲು ಕಂಚುಗಾರರ ಹತ್ತಿರ ಒಯ್ಯಬೇಡಿ. ಬಂಡೆಗೆ ತಾಗಿದ್ದೋ ಮೀನು ಅಮುಕಿದ್ದೋ, ಆ ತಗ್ಗುಗಳು ಸ್ಪೂನ್ ಹೊಳೆಗೆ ಇಳಿದು ದುಡಿದಿದೆ ಎಂಬುದಕ್ಕೆ ಸಾಕ್ಷಿ. ಹಣದ ಲೆಕ್ಕದಲ್ಲಿ ಹೆಸರಿಲ್ಲದ ಸ್ಪೂನಿಗೆ ದೊಡ್ಡ ಮೊತ್ತ ಸಿಗುವುದಿಲ್ಲ, ಆ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಮಾರಬೇಡಿ ಎಂಬುದೇ ನನ್ನ ಸಲಹೆ.

ಪ್ರಶ್ನೆ: ನಾನು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ನೆಲೆಸಿರುವ ಧಾರವಾಡದವನು. ನಮ್ಮ ಬೀದಿಯ ಹಿರಿಯರೊಬ್ಬರ ಮನೆಯ ಗ್ಯಾರೇಜ್ ಸೇಲಿನಲ್ಲಿ 5 ಡಾಲರಿಗೆ ಮರದ ಮೀನೊಂದನ್ನು ಕೊಂಡೆ. ಗಾಜಿನ ಕಣ್ಣು, ಮುಂದೆ ಹಿಂದೆ ಪುಟ್ಟ ಪ್ರೊಪೆಲರ್, ಒಟ್ಟು ಐದು ಗುಚ್ಛ ಗಾಳಗಳಿವೆ. ಬಣ್ಣ ಬಿರುಕು ಬಿಟ್ಟು, ಹೊಟ್ಟೆಯ ಮೇಲೆ ಕಿತ್ತುಹೋಗಿದೆ. ಬಣ್ಣ ಕೆರೆದು ಹೊಸದಾಗಿ ಬಳಿದರೆ ಹೆಚ್ಚು ಬೆಲೆ ಬರುತ್ತದೆಯೇ?
— ಓದುಗರೊಬ್ಬರು, ಮಿಶಿಗನ್

ಉತ್ತರ: ನೀವಿರುವುದು ಇಂತಹ ಮರದ ಮೀನುಗಳ ತವರಿನಲ್ಲಿ. ನಿಮ್ಮ ರಾಜ್ಯದ ಡೌಜಿಯಾಕ್ ಎಂಬ ಸಣ್ಣ ಊರಿನಲ್ಲಿ ಜೇನು ಸಾಕುತ್ತಿದ್ದ ಜೇಮ್ಸ್ ಹೆಡನ್ ಎಂಬವರು ಗಿರಣಿ ಕೆರೆಯ ದಂಡೆಯಲ್ಲಿ ಕುಳಿತು ಚಾಕುವಿನಿಂದ ಕಡ್ಡಿಯೊಂದನ್ನು ಕೆತ್ತುತ್ತಿದ್ದವರು ಅದನ್ನು ನೀರಿಗೆಸೆದಾಗ ಬಾಸ್ ಮೀನು ಹಾರಿ ಬಂದು ಅದನ್ನು ಹೊಡೆಯಿತೆಂದು ಅಲ್ಲಿನವರು ಹೇಳುತ್ತಾರೆ. ಹೆಡನ್ ಕುಟುಂಬದ ಕಾರ್ಖಾನೆ 20ನೇ ಶತಮಾನದ ಆರಂಭದಿಂದ ಮರದ ಲ್ಯೂರ್‌ಗಳನ್ನು ಮಾಡಿ ದೇಶಕ್ಕೆಲ್ಲ ಹಂಚಿತು. ಅದೇ ರಾಜ್ಯದ ಕಲಮಜೂವಿನಲ್ಲಿ ಶೇಕ್ಸ್‌ಪಿಯರ್, ಪಕ್ಕದ ಇಂಡಿಯಾನಾದಲ್ಲಿ ಸೌತ್ ಬೆಂಡ್ ಮತ್ತು ಗ್ಯಾರೆಟ್ ಊರಿನ ಕ್ರೀಕ್ ಚಬ್, ಓಹಾಯೋದ ಏಕ್ರನ್‌ನಲ್ಲಿ ಫ್ಲೂಗರ್. ಹಳೆಯ ಅಮೆರಿಕನ್ ಲ್ಯೂರ್ ಎಂದರೆ ಸಂಗ್ರಾಹಕರ ಬಾಯಿಗೆ ಮೊದಲು ಬರುವುದು ಈ ಐದು ಹೆಸರುಗಳು.

ಪ್ರೊಪೆಲರಿನ ಎಲೆಯ ಮೇಲೆ ಓರೆಬೆಳಕು ಬೀಳುವಂತೆ ಹಿಡಿದು ನೋಡಿ. ಹೆಡನ್ ಮತ್ತು ಡೌಜಿಯಾಕ್ ಎಂಬ ಅಕ್ಷರಗಳು ಒತ್ತಿದ್ದರೆ ಅದು ಡೌಜಿಯಾಕ್ ಮಿನೋ ಇರಬಹುದು; ಮೂರು ಗಾಳದ್ದಕ್ಕೆ 100, ಐದು ಗಾಳದ್ದಕ್ಕೆ 150 ಎಂದು ಆ ಕಂಪನಿ ಸಂಖ್ಯೆ ಕೊಟ್ಟಿತ್ತು. ಗಾಜಿನ ಕಣ್ಣು ಸಾಮಾನ್ಯವಾಗಿ ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಕಾಲವನ್ನು ಸೂಚಿಸುತ್ತದೆ, ಆಮೇಲೆ ಬಣ್ಣದ ಚುಕ್ಕೆಯ ಕಣ್ಣುಗಳೇ ಹೆಚ್ಚಾದವು. ಇನ್ನೂ ನಿಖರವಾದ ಕಾಲವನ್ನು ಹೇಳುವುದು ಗಾಳವನ್ನು ಮರಕ್ಕೆ ಸಿಕ್ಕಿಸಿದ ರೀತಿ. ಹೆಡನ್ನಿನಲ್ಲಿ ಮೊದಲು ಪುಟ್ಟ ಲೋಹದ ಬಟ್ಟಲಿನೊಳಗೆ ತಿರುಪಿನ ಕೊಂಡಿ, ಆಮೇಲೆ ಇಂಗ್ಲಿಷಿನ ಎಲ್ ಅಕ್ಷರದಂತೆ ಬಾಗಿದ ತಂತಿ, ಅದಾದ ಮೇಲೆ ಕೀಲಿನಂತೆ ಮಡಚುವ ಎರಡು ತುಂಡಿನ ಪಟ್ಟಿ, ಕೊನೆಗೆ ಮರದ ಮೇಲ್ಮೈಗೇ ಕೂರುವ ಪಟ್ಟಿ ಹೀಗೆ ಒಂದರ ನಂತರ ಒಂದು ಬಂದವು. ಬಲ್ಲವರು ಲ್ಯೂರನ್ನು ಕೈಗೆತ್ತಿಕೊಂಡ ಕೂಡಲೇ ಬೆನ್ನು ನೋಡದೆ ಹೊಟ್ಟೆಯನ್ನು ತಿರುಗಿಸಿ ನೋಡುವುದು ಇದಕ್ಕಾಗಿಯೇ.

ಇನ್ನು ನಿಮ್ಮ ಪ್ರಶ್ನೆ. ಬಳಿಯಬೇಡಿ. ಕಾರ್ಖಾನೆಯಲ್ಲಿ ಪದರದ ಮೇಲೆ ಪದರವಾಗಿ ಎನಾಮಲ್ ಬಳಿದು, ಒಣಗಿಸಿ, ಬಲೆಯಂತಹ ಬಟ್ಟೆಯ ಮೂಲಕ ಬಣ್ಣ ಸಿಂಪಡಿಸಿ ಮೀನಿನ ಪೊರೆಯ ಗುರುತು ಮೂಡಿಸುತ್ತಿದ್ದರು. ನೂರು ವರ್ಷದ ಬಿಸಿಲು ಚಳಿಗೆ ಒಳಗಿನ ಮರ ಹಿಗ್ಗಿ ಕುಗ್ಗಿ ಮೇಲಿನ ಬಣ್ಣದಲ್ಲಿ ಕೂದಲೆಳೆಯ ಬಿರುಕುಗಳು ಹರಡುತ್ತವೆ. ಸಂಗ್ರಾಹಕರು ಅದನ್ನು ಕುಂದೆಂದು ಎಣಿಸುವುದು ಬಹಳ ಸ್ವಲ್ಪ ಮಟ್ಟಿಗೆ ಮಾತ್ರ. ಹೊಟ್ಟೆಯ ಮೇಲೆ ಬಣ್ಣ ಕಿತ್ತದ್ದನ್ನೂ ಹತ್ತಿರದಿಂದ ನೋಡಿ: ಪ್ರತಿ ಗಾಳದ ಬುಡದ ಕೆಳಗೆ ಅರ್ಧಚಂದ್ರಾಕಾರದ ಗೀರು ಕಾಣುತ್ತದೆಯೇ? ಗಾಳ ವರ್ಷಗಟ್ಟಲೆ ಅತ್ತಿತ್ತ ತೂಗಿ ಉಜ್ಜಿದ ಗುರುತು ಅದು. ಹೊಸದಾಗಿ ಬಣ್ಣ ಬಳಿದು ಹಳೆಯದೆಂದು ಮಾರುವವರು ಬಿರುಕನ್ನು ಹೇಗೋ ತರಿಸಿಬಿಡುತ್ತಾರೆ. ಆದರೆ ತುಕ್ಕು ಹಿಡಿದ ಗಾಳದ ಕೆಳಗೆ ನುಣ್ಣನೆಯ ಹೊಟ್ಟೆಯಿದ್ದರೆ ಮೋಸ ಅಲ್ಲೇ ಬಯಲಾಗುತ್ತದೆ. ತಿರುಪಿನ ತಲೆಯ ಮೇಲೆ ಬಣ್ಣ ಹರಿದಿರುವುದು, ಬಟ್ಟಲಿನ ಒಳಗೆ ಬೇರೆ ಬಣ್ಣ ಇಣುಕುವುದು, ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ಒಂದು ಭಾಗ ಮಾತ್ರ ಬೇರೆಯಾಗಿ ಹೊಳೆಯುವುದು ಇವೂ ಅಂತಹವೇ ಸುಳಿವುಗಳು.

ಉಪ್ಪುಕಾಗದ ಹಿಡಿಯದಿರಲು ಆರೋಗ್ಯದ ಕಾರಣವೂ ಇದೆ. ಆ ಕಾಲದ ಬಣ್ಣಗಳಲ್ಲಿ ಸೀಸ ಸಾಮಾನ್ಯವಾಗಿತ್ತು, ಉಜ್ಜಿದರೆ ಏಳುವ ಧೂಳು ಮನೆಯವರ ಉಸಿರಿಗೆ ಸೇರುತ್ತದೆ. ಮರವನ್ನು ನೀರಿನಲ್ಲಿ ನೆನೆಹಾಕಿದರೆ ಅದು ಉಬ್ಬಿ ಬಣ್ಣದ ಹಕ್ಕಳೆಗಳು ಉದುರುತ್ತವೆ. ಹತ್ತಿಕಡ್ಡಿಯನ್ನು ಸೌಮ್ಯ ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಮೊದಲು ಹೊಟ್ಟೆಯ ಮರೆಯಲ್ಲಿ ಒಂದು ಬಟಾಣಿ ಗಾತ್ರದಷ್ಟು ಜಾಗ ಒರೆಸಿ ನೋಡಿ. ಹತ್ತಿಗೆ ಬರಿಯ ಕೊಳೆ ಬಂದರೆ ಮುಂದುವರಿಯಿರಿ. ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಗಾಳದ ತುಕ್ಕಿಗೆ ಹಲ್ಲುಕಡ್ಡಿಯ ತುದಿಯಿಂದ ಒಂದು ಹನಿ ಹೊಲಿಗೆಯಂತ್ರದ ಎಣ್ಣೆ ಸಾಕು, ಎಣ್ಣೆ ಮರಕ್ಕೆ ತಾಗದಿರಲಿ. ಒಂದು ಗಾಳ ಮುರಿದಿದ್ದರೆ ಹಾಗೆಯೇ ಬಿಡಿ.

ಹೊಸ ಬಣ್ಣ ಎಂದಿಗೂ ತಪ್ಪೆಂದು ನಾನು ಹೇಳುತ್ತಿಲ್ಲ. ಮೂಲ ಬಣ್ಣ ಪೂರ್ತಿ ಹೋಗಿ ಬರಿಯ ಮರ ಉಳಿದಿದ್ದರೆ, ಅದನ್ನು ಪ್ರೀತಿಯಿಂದ ಬಳಿದು ಗೋಡೆಗೆ ತೂಗುಹಾಕುವುದು ಒಳ್ಳೆಯ ಕೆಲಸವೇ. ಆದರೆ ಬಳಿದ ವರ್ಷವನ್ನೂ ನಿಮ್ಮ ಹೆಸರನ್ನೂ ಹೊಟ್ಟೆಯ ಮೇಲೆ ಸಣ್ಣದಾಗಿ ಬರೆದುಬಿಡಿ. ನಾಳೆ ಆ ವಸ್ತು ಯಾರ ಕೈಗೆ ಹೋದರೂ ಅವರಿಗೆ ಸುಳ್ಳು ಹೇಳಬಾರದು. ಆ ಹಿರಿಯರ ಮನೆಯವರನ್ನು ಇನ್ನೊಮ್ಮೆ ಭೇಟಿಯಾಗಿ ರಟ್ಟಿನ ಡಬ್ಬಿಯೇನಾದರೂ ಉಳಿದಿದೆಯೇ ಎಂದೂ ಕೇಳಿ. ಬಳಸಿ ಎಸೆಯುತ್ತಿದ್ದ ಆ ಖಾಲಿ ಡಬ್ಬಿಗೆ ಒಮ್ಮೊಮ್ಮೆ ಒಳಗಿನ ಲ್ಯೂರ್‌ಗಿಂತ ಹೆಚ್ಚು ಬೆಲೆ ಬರುವುದುಂಟು. ಡಬ್ಬಿ ಸಿಕ್ಕಿ, ವಸ್ತುವಿನ ನಿಜವಾದ ಬೆಲೆ ದೊಡ್ಡದೆಂದು ತಿಳಿದರೆ, 5 ಡಾಲರಿಗೆ ಕೊಟ್ಟ ಆ ಮನೆಯವರಿಗೂ ವಿಷಯ ತಿಳಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ನನ್ನ ಬಳಿ 1950ರ ದಶಕದ ಪ್ಲಾಸ್ಟಿಕ್ ಲ್ಯೂರ್‌ಗಳಿವೆ. ಒಂದೇ ಡಬ್ಬಿಯಲ್ಲಿ ರಬ್ಬರ್ ಹುಳುಗಳನ್ನೂ ಇಟ್ಟಿದ್ದೆ. ಈಗ ಲ್ಯೂರ್‌ಗಳ ಮೇಲೆ ಸುಟ್ಟಂತೆ ಗುಳಿಗಳು ಬಿದ್ದು ಅಂಟಂಟಾಗಿವೆ. ಸರಿಪಡಿಸಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸಾಧ್ಯವಿಲ್ಲ, ಅದು ನಿಜಕ್ಕೂ ಬೇಸರದ ಸಂಗತಿ. ಏಕ್ರನ್ ಊರಿನ ನಿಕ್ ಕ್ರೀಮ್ 1949ರಲ್ಲಿ ಮಾರುಕಟ್ಟೆಗೆ ತಂದ ಮೆತ್ತನೆಯ ಪ್ಲಾಸ್ಟಿಕ್ ಹುಳುವಿನಿಂದ ಮೊದಲಾಗಿ ಇಂತಹ ಎಲ್ಲ ಹುಳುಗಳಲ್ಲೂ ಅವುಗಳನ್ನು ಮೆತ್ತಗಿಡುವ ಎಣ್ಣೆಯಂತಹ ರಾಸಾಯನಿಕವಿರುತ್ತದೆ. ಅದು ಹೊರಗೆ ಜಿನುಗಿ, ತಾಗಿದ ಗಟ್ಟಿ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಕರಗಿಸುತ್ತದೆ. ಉಳಿದವನ್ನು ಇಂದೇ ಬೇರೆ ಮಾಡಿ, ಒಂದೊಂದನ್ನೂ ಆಮ್ಲರಹಿತ ಕಾಗದದಲ್ಲಿ ಸುತ್ತಿಡಿ. ಜಿರಲೆಗೆಂದು ನುಸಿಗುಳಿಗೆಯನ್ನೂ ಅದೇ ಡಬ್ಬಿಗೆ ಹಾಕಬೇಡಿ. ಅದರ ಆವಿಯೂ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುತ್ತದೆ.

ಪ್ರಶ್ನೆ: ಚಿಕ್ಕಮಗಳೂರಿನ ಹಳೆಯ ಬಂಗಲೆಯೊಂದರ ಸಾಮಾನಿನ ಹರಾಜಿನಲ್ಲಿ ಚರ್ಮದ ಕೈಚೀಲ ಕೊಂಡೆ. ಒಳಗೆ ಬಣ್ಣಬಣ್ಣದ ಗರಿ ಕಟ್ಟಿದ ನಲವತ್ತಕ್ಕೂ ಹೆಚ್ಚು ಗಾಳಗಳಿವೆ. ಕೆಲವು ಗರಿಗಳಲ್ಲಿ ಮೇಣದ ಹನಿಯಂತಹ ಹಳದಿ ಚುಕ್ಕೆಗಳಿವೆ. ಮಾರಬಹುದೇ?
— ಓದುಗರೊಬ್ಬರು, ಹಾಸನ

ಉತ್ತರ: ಅವು ಫ್ಲೈ ಎನ್ನುವ ಗಾಳಗಳು. ಮೇಣದ ಹನಿಯಂತಹ ಚುಕ್ಕೆಗಳಿರುವ ಗರಿ ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿ ಹುಂಜದ ಕುತ್ತಿಗೆಯದು. ಸ್ಕಾಟ್ಲೆಂಡಿನ ಸಾಲ್ಮನ್ ಮೀನಿಗೆ ಕಟ್ಟುತ್ತಿದ್ದ ಫ್ಲೈಗಳಲ್ಲಿ ಕಣ್ಣಿನ ಸ್ಥಾನದಲ್ಲಿ ಈ ಗರಿಯನ್ನು ಜೋಡಿಸುವುದು ವಾಡಿಕೆಯಾಗಿತ್ತು. ನಮ್ಮ ಕಾಡಿನಲ್ಲಿ ಬೆಳಗ್ಗೆ ಕೂಗುವ ಕೋಳಿಯ ಗರಿ ಅಷ್ಟು ದೂರ ಹೋಗಿ, ಗಾಳವಾಗಿ ಮತ್ತೆ ಮಲೆನಾಡಿಗೇ ಬಂದಿದೆಯೆಂದರೆ ಅದನ್ನು ಕೈಯಲ್ಲಿ ಹಿಡಿದಾಗ ಮನಸ್ಸು ತುಂಬಿಬರುತ್ತದೆ. ಆದರೆ ಆ ಹಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ವಸ್ತು ಹಳೆಯದೆಂಬ ಕಾರಣಕ್ಕೆ ಅದರ ಗರಿಯ ವ್ಯಾಪಾರಕ್ಕೆ ವಿನಾಯಿತಿ ಸಿಗುತ್ತದೆಂದು ಭಾವಿಸಬೇಡಿ. ಮಾರುವ ಅಥವಾ ಹೊರದೇಶಕ್ಕೆ ಕಳಿಸುವ ಯೋಚನೆ ಬಿಟ್ಟು, ಸಮೀಪದ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಷಯ ತಿಳಿಸಿ ಲಿಖಿತ ಸಲಹೆ ಪಡೆಯಿರಿ. ಅಲ್ಲಿಯವರೆಗೆ ಗರಿಗಳಿಗೆ ಹುಳು ಬೀಳದಂತೆ, ಚರ್ಮಕ್ಕೆ ಬೂಷ್ಟು ಹಿಡಿಯದಂತೆ ಒಣ ಜಾಗದಲ್ಲಿಡಿ.

ಪ್ರಶ್ನೆ: ಹಳೆಯ ಲ್ಯೂರೊಂದು ಲಕ್ಷ ಡಾಲರಿಗೆ ಮಾರಾಟವಾಯಿತೆಂದು ಕೇಳಿದ್ದೇನೆ. ನನ್ನ ಅಜ್ಜನ ಸಂಗ್ರಹದಲ್ಲಿರುವ ಸುಮಾರು ಮೂವತ್ತು ಇಂಗ್ಲಿಷ್ ಲ್ಯೂರ್‌ಗಳನ್ನು ಇಬೇ ಮೂಲಕ ವಿದೇಶದವರಿಗೆ ಮಾರಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ನೀವು ಕೇಳಿದ್ದು ನಿಜ. ಓಹಾಯೋದ ಪೇನ್ಸ್‌ವಿಲ್ ಊರಿನ ರೈಲಿ ಹ್ಯಾಸ್ಕೆಲ್ 1859ರಲ್ಲಿ ಪೇಟೆಂಟ್ ಪಡೆದ ತಾಮ್ರದ ಮೀನೊಂದು, ಸುಮಾರು ಹತ್ತು ಅಂಗುಲದ ಅಪರೂಪದ ಗಾತ್ರದ್ದು, 2003ರ ಹರಾಜಿನಲ್ಲಿ 1,01,200 ಡಾಲರಿಗೆ ಹೋಯಿತು. ಆದರೆ ಆ ಒಂದು ಸುದ್ದಿಯನ್ನು ನಂಬಿ ಮನೆಯ ಪೆಟ್ಟಿಗೆಗೆ ಬೆಲೆ ಕಟ್ಟಬಾರದು. ಬಹುಪಾಲು ಹಳೆಯ ಲ್ಯೂರ್‌ಗಳು ಲಕ್ಷಗಟ್ಟಲೆ ತಯಾರಾದವು, ಅವುಗಳ ಬೆಲೆಯೂ ಸಾಧಾರಣವೇ. ಮಾರುವವರು ಕೇಳುವ ಬೆಲೆಯನ್ನು ನೋಡದೆ, ಅದೇ ತಾಣದಲ್ಲಿ ಮಾರಾಟ ಮುಗಿದ ವಸ್ತುಗಳನ್ನು ಮಾತ್ರ ಆರಿಸಿ, ಕೊಂಡವರು ನಿಜಕ್ಕೂ ಕೊಟ್ಟ ಬೆಲೆ ನೋಡಿ.

ಇದಕ್ಕಿಂತ ಮುಖ್ಯವಾದದ್ದು ಕಾನೂನು. ನಮ್ಮ ದೇಶದ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ, 1972ರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕುಶಲ ಕೆಲಸದ ವಸ್ತು, ಗತಕಾಲದ ಕಲೆ, ಕಸುಬು, ರೂಢಿಗಳನ್ನು ತೋರಿಸುವ ವಸ್ತು ಪ್ರಾಚೀನ ವಸ್ತುವಿನ ವ್ಯಾಖ್ಯೆಗೆ ಬರಬಹುದು. ಅಂತಹದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಕಳಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಇಂಗ್ಲೆಂಡಿನಲ್ಲಿ ತಯಾರಾಗಿದ್ದು ಎಂಬ ಮಾತು ಇಲ್ಲಿ ರಕ್ಷಣೆಯಾದೀತೆಂದು ಎಣಿಸಬೇಡಿ. ನಿಮ್ಮ ಅಜ್ಜನವರ ವಸ್ತುಗಳಲ್ಲಿ ರೇಷ್ಮೆಹುಳುವಿನ ಎಳೆ ಕಟ್ಟಿದ್ದು, ಕಣ್ಣಿಲ್ಲದ ಗಾಳದ್ದು ಇದ್ದರೆ ಅವು ಆ ಗೆರೆಯನ್ನು ದಾಟಿರುವ ಸಂಭವವಿದೆ. ಮೊದಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ಕಚೇರಿಯನ್ನು ವಿಚಾರಿಸಿ, ವಸ್ತುಗಳನ್ನು ತೋರಿಸಿ, ಇವು ಪ್ರಾಚೀನ ವಸ್ತುಗಳಲ್ಲ ಎಂಬ ಪ್ರಮಾಣಪತ್ರ ಸಿಗುವುದೇ ಎಂದು ತಿಳಿದುಕೊಳ್ಳಿ. ದೇಶದೊಳಗೇ ಮಾರಿದರೂ ಪ್ರಾಚೀನ ವಸ್ತುಗಳ ಮಾರಾಟವನ್ನು ವ್ಯಾಪಾರವಾಗಿ ನಡೆಸಲು ಪರವಾನಗಿ ಬೇಕು.

ನೂರು ವರ್ಷಕ್ಕಿಂತ ಹೊಸದೆಂದು ಖಚಿತವಾದವನ್ನು ಮಾರುವಾಗ ಒಂದೊಂದರ ಎರಡು ಪಕ್ಕ, ಬೆನ್ನು, ಹೊಟ್ಟೆ, ಕಣ್ಣು ಮತ್ತು ಗಾಳದ ಬುಡವನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಕುಂದುಗಳನ್ನು ಮರೆಮಾಡದೆ ಮೊದಲ ಸಾಲಿನಲ್ಲೇ ಬರೆಯಿರಿ. ಎಲ್ಲವನ್ನೂ ಒಂದೇ ಗುಂಪಾಗಿ ಮಾರಬೇಡಿ; ಗುಂಪಿನಲ್ಲಿ ಒಳ್ಳೆಯ ಒಂದು ವಸ್ತುವಿನ ಬೆಲೆ ಉಳಿದ ಇಪ್ಪತ್ತೊಂಬತ್ತರಲ್ಲಿ ಮುಳುಗಿಹೋಗುತ್ತದೆ. ಅಮೆರಿಕದಲ್ಲಿ 1976ರಿಂದ ಲ್ಯೂರ್ ಸಂಗ್ರಾಹಕರ ರಾಷ್ಟ್ರೀಯ ಸಂಘವಿದೆ. ಅಲ್ಲಿನ ವಸ್ತುಗಳನ್ನು ಗುರುತಿಸುವಲ್ಲಿ ಅದರ ಸದಸ್ಯರ ಅನುಭವ ದೊಡ್ಡದು, ಮಾರುವ ಮುಂಚೆ ಅಂತಹವರ ಅಭಿಪ್ರಾಯ ಕೇಳಿದರೆ ನಷ್ಟವಿಲ್ಲ. ಗುಜರಿಯವರಿಗೆ ಮಾತ್ರ ತೂಕದ ಲೆಕ್ಕದಲ್ಲಿ ಕೊಡಬೇಡಿ.

ಪ್ರಶ್ನೆ: ನಮ್ಮ ಚಿಕ್ಕಪ್ಪನ ಹಳೆಯ ಮಹಶೀರ್ ಸ್ಪೂನಿಗೆ ಹೊಸ ಗಾಳ ಹಾಕಿಸಿ ಭೀಮೇಶ್ವರಿಯ ಬಳಿ ಕಾವೇರಿಯಲ್ಲಿ ಒಮ್ಮೆ ಎಸೆದು ನೋಡಬೇಕೆಂಬ ಆಸೆ. ಮಾಡಬಹುದೇ?
— ವಿದ್ಯಾರ್ಥಿಯೊಬ್ಬರು, ಮಂಡ್ಯ

ಉತ್ತರ: ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಮಾಡಬೇಡಿ. ಭೀಮೇಶ್ವರಿ ಇರುವುದು ಕಾವೇರಿ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿ. ಅಲ್ಲಿ ಮೊದಲು ನಡೆಯುತ್ತಿದ್ದ ಗಾಳದ ಶಿಬಿರಗಳು ನಿಂತಿವೆ, ಗಾಳ ಹಾಕುವುದಕ್ಕೆ ಅವಕಾಶವಿಲ್ಲ. ಕಾವೇರಿ ಕಣಿವೆಗೇ ಸೀಮಿತವಾದ ಗೂನುಬೆನ್ನಿನ ಮಹಶೀರ್ 2018ರಿಂದ ಅಳಿವಿನ ಅತ್ಯಂತ ಹತ್ತಿರವಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ. ಹಳೆಯ ಸ್ಪೂನಿನ ಬಳೆ, ಸ್ವಿವೆಲ್‌ಗಳು ಒಳಗೇ ಸವೆದಿರುತ್ತವೆ. ಎಲ್ಲಿ ಎಸೆದರೂ ಮೊದಲ ಎಳೆತಕ್ಕೇ ತುಂಡಾಗಿ, ಗಾಳ ಮೀನಿನ ಬಾಯಲ್ಲಿ ಉಳಿದು, ಸ್ಪೂನ್ ನದಿಯ ಪಾಲಾಗಬಹುದು. ಗಾಳ ಹಾಕಲು ಅನುಮತಿಯಿರುವ ಕೆರೆಯಲ್ಲಿ ಹೊಸ ಸ್ಪೂನ್ ಬಳಸಿ, ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ ಒಂಟಿ ಗಾಳ ಕಟ್ಟಿ. ಮಹಶೀರನ್ನು ನೋಡಬೇಕೆನಿಸಿದರೆ ಶೃಂಗೇರಿಯ ತುಂಗಾ ತೀರಕ್ಕೋ ಕಾವೇರಿ ದಂಡೆಯ ರಾಮನಾಥಪುರಕ್ಕೋ ಹೋಗಿ. ಅಲ್ಲಿ ದೇವರ ಮೀನುಗಳು ಮೆಟ್ಟಿಲ ಬುಡದವರೆಗೂ ಬರುತ್ತವೆ. ಚಿಕ್ಕಪ್ಪನ ಸ್ಪೂನನ್ನು ಹಳೆಯ ಗಾಳದೊಂದಿಗೇ ಇಟ್ಟುಕೊಳ್ಳಿ.